ಅವರಿಗೆ ಮೊದಲೇ ಗೊತ್ತಾಗಿತ್ತಂತೆ

‘ಬಟ್ ಐಯಾಮ್ ಎ ಚಿಯರ್‌ಲೀಡರ್’ ಅಂತ 1999ರ ಒಂದು ಅಮೆರಿಕನ್ ಸಿನಿಮಾ ಇದೆ. ಅದರ ನಾಯಕಿ ಮೇಗನ್, ಹದಿನೇಳು ವರ್ಷದ ಹುಡುಗಿ. ಶಾಲೆಯ ಪಂದ್ಯಗಳಲ್ಲಿ ಗಿಡ್ಡ ಲಂಗ ತೊಟ್ಟು, ಕುಣಿದು ಕೂಗಿ ತಂಡವನ್ನು ಹುರಿದುಂಬಿಸುವ ಗುಂಪಿನಲ್ಲಿದ್ದಾಳೆ. ಫುಟ್‌ಬಾಲ್ ಆಡುವ ಹುಡುಗನೊಬ್ಬ ಅವಳ ಬಾಯ್‌ಫ್ರೆಂಡ್. ಒಂದು ದಿನ ಮನೆಗೆ ಬಂದು ನೋಡಿದರೆ ಅಪ್ಪ, ಅಮ್ಮ, ಗೆಳತಿಯರು, ಆ ಬಾಯ್‌ಫ್ರೆಂಡ್, ಜೊತೆಗೆ ಒಬ್ಬ ಅಪರಿಚಿತ, ಎಲ್ಲರೂ ಗಂಭೀರವಾಗಿ ಕೂತಿದ್ದಾರೆ. ಹುಡುಗಿಗೆ ಹುಡುಗಿಯರ ಮೇಲೆ ಆಸೆ ಇದೆ ಅನ್ನುವುದು ಅವರ ತೀರ್ಮಾನ. ಒಂದೊಂದೇ ಸಾಕ್ಷಿ ಹೊರಬರುತ್ತದೆ. ಇವಳು ಮಾಂಸ ಬಿಟ್ಟು ತೋಫು ತಿನ್ನುತ್ತಾಳೆ. ಕೋಣೆಯಲ್ಲಿ ಮೆಲಿಸ್ಸಾ ಎಥರಿಜ್ ಎಂಬ ಗಾಯಕಿಯ ಪೋಸ್ಟರ್ ಅಂಟಿಸಿಕೊಂಡಿದ್ದಾಳೆ. ಲಾಕರಿನೊಳಗೆ ಹುಡುಗಿಯರ ಚಿತ್ರಗಳಿವೆ. ಬಾಯ್‌ಫ್ರೆಂಡ್ ಮುತ್ತಿಟ್ಟರೆ ಇವಳಿಗೆ ಖುಷಿಯೇ ಆಗುವುದಿಲ್ಲ. ಇನ್ನೇನು ಬೇಕು? ಹುಡುಗಿಯನ್ನು ‘ಟ್ರೂ ಡೈರೆಕ್ಷನ್ಸ್’ ಎಂಬ ಶಿಬಿರಕ್ಕೆ ಸಾಗಿಸುತ್ತಾರೆ. ಅಲ್ಲಿ ಇಂಥ ಮಕ್ಕಳನ್ನು ಐದು ಹಂತಗಳಲ್ಲಿ ‘ಸರಿ’ ಮಾಡುತ್ತಾರಂತೆ.

ನಾನು ಬಿದ್ದು ಬಿದ್ದು ನಕ್ಕಿದ್ದು ಆ ತೋಫುವಿಗೆ. ನಮ್ಮದು ಮೂರು ತಲೆಮಾರಿನಿಂದ ಮೊಟ್ಟೆಯೂ ಹೊಸಿಲು ದಾಟದ ಮನೆ. ಮೇಗನ್ನಳ ಅಪ್ಪ-ಅಮ್ಮನ ಲೆಕ್ಕ ಹಿಡಿದರೆ ನಮ್ಮ ಮುತ್ತಜ್ಜಿಯಿಂದ ಹಿಡಿದು ಎಲ್ಲರನ್ನೂ ಒಂದೇ ಬಸ್ಸಿನಲ್ಲಿ ತುಂಬಿ ಆ ಶಿಬಿರಕ್ಕೆ ಕಳಿಸಬೇಕಿತ್ತು.

ಈ ಪಂಚಾಯಿತಿಯಲ್ಲಿ ಕೂತವರಿಗೆಲ್ಲ ವಿಷಯ ಗೊತ್ತು. ಗೊತ್ತಿಲ್ಲದಿರುವುದು ಹುಡುಗಿಗೆ ಮಾತ್ರ. ಅವಳು ಏನನ್ನೂ ಮುಚ್ಚಿಡುತ್ತಿಲ್ಲ. ಹುಡುಗಿಯರನ್ನು ನೋಡಿದಾಗ ತನಗೆ ಅನ್ನಿಸುವುದು ಎಲ್ಲರಿಗೂ ಅನ್ನಿಸುತ್ತದೆ, ಅದರಲ್ಲೇನು ವಿಶೇಷ ಅಂತ ಅಂದುಕೊಂಡಿದ್ದವಳು ಅವಳು. ಶಿಬಿರದ ಮೊದಲ ಹಂತವೇ ‘ನಾನು ಇಂಥವಳು’ ಅಂತ ಎಲ್ಲರೆದುರು ಒಪ್ಪಿಕೊಳ್ಳುವುದು. ಒಪ್ಪಿಕೊಂಡ ಮೇಲೆ ‘ಮೂಲ’ ಹುಡುಕಬೇಕು, ಅಂದರೆ ಇದು ಯಾಕೆ ಬಂತು ಅಂತ. ಒಬ್ಬಳು ತನ್ನ ತಾಯಿ ಪ್ಯಾಂಟ್ ಹಾಕಿಕೊಂಡು ಮದುವೆಯಾದಳು, ಅದೇ ಕಾರಣ ಅನ್ನುತ್ತಾಳೆ. ಇನ್ನೊಬ್ಬಳು ತಾನು ಹುಟ್ಟಿದ್ದು ಫ್ರಾನ್ಸಿನಲ್ಲಿ ಅನ್ನುತ್ತಾಳೆ. ಮೇಗನ್ ತಲೆ ಕೆರೆದುಕೊಂಡು ಹುಡುಕುತ್ತಾಳೆ. ಅಪ್ಪನ ಕೆಲಸ ಹೋಗಿದ್ದಾಗ ಅಮ್ಮ ದುಡಿದು ಮನೆ ನಡೆಸಿದ್ದಳಂತೆ. ಅಷ್ಟು ಸಾಕಾಗುತ್ತದೆ.

ಶಿಬಿರದ ಕಟ್ಟಡದೊಳಗೆ ಹುಡುಗಿಯರಿಗೆ ಎಲ್ಲವೂ ಗುಲಾಬಿ, ಹುಡುಗರಿಗೆ ಎಲ್ಲವೂ ನೀಲಿ. ಹುಡುಗಿಯರು ನೆಲ ಗುಡಿಸಿ ಒರೆಸುವುದನ್ನು, ಗೊಂಬೆ ಕೂಸಿಗೆ ಬಟ್ಟೆ ಕಟ್ಟುವುದನ್ನು ಕಲಿಯಬೇಕು. ಹುಡುಗರು ಸೌದೆ ಒಡೆಯಬೇಕು, ಕಾರು ರಿಪೇರಿ ಮಾಡಬೇಕು. ಹುಡುಗರಿಗೆ ಗಂಡಸುತನದ ಪಾಠ ಹೇಳುವ ಮೇಷ್ಟ್ರ ಪಾತ್ರದಲ್ಲಿ ಇರುವುದು ರುಪಾಲ್. ಹೆಣ್ಣುವೇಷದಿಂದಲೇ ಜಗತ್ಪ್ರಸಿದ್ಧನಾದ ಕಲಾವಿದ. ಅವನನ್ನು ಇಲ್ಲಿ ಗಂಡುಡುಗೆಯಲ್ಲಿ ನಿಲ್ಲಿಸಿದ್ದೇ ಒಂದು ತಮಾಷೆ. ನಿರ್ದೇಶಕಿ ಜೇಮಿ ಬ್ಯಾಬಿಟ್ ಇದನ್ನೆಲ್ಲ ಗಾಳಿಯಲ್ಲಿ ಕಟ್ಟಿದವರಲ್ಲ. ಅವರ ತಾಯಿ ಹದಿಹರೆಯದವರಿಗಾಗಿ ವ್ಯಸನಮುಕ್ತಿ ಕೇಂದ್ರವೊಂದನ್ನು ನಡೆಸುತ್ತಿದ್ದರು. ‘ಮೊದಲು ಒಪ್ಪಿಕೋ, ಆಮೇಲೆ ದಾರಿ ತೋರಿಸುತ್ತೇವೆ’ ಅನ್ನುವ ಮಾತಿನ ರಾಗ ಅವರ ಕಿವಿಯಲ್ಲಿ ಮೊದಲಿನಿಂದ ಇದ್ದಿರಬೇಕು. ಕಿತಾಪತಿ ಏನೆಂದರೆ, ಈ ಸಿನಿಮಾಕ್ಕೆ ಅಮೆರಿಕದಲ್ಲಿ ಮೊದಲು ಸಿಕ್ಕಿದ್ದು ಹದಿನೇಳು ವರ್ಷ ಮತ್ತು ಅದಕ್ಕಿಂತ ಚಿಕ್ಕವರು ನೋಡಕೂಡದು ಅನ್ನುವ ಪಟ್ಟಿ. ಒಂದೆರಡು ಕಡೆ ಕತ್ತರಿ ಹಾಕಿದ ಮೇಲೆ ಅದು ಸಡಿಲಾಯಿತು. ಹದಿನೇಳರ ಹುಡುಗಿಯ ಕಥೆಯನ್ನು ಹದಿನೇಳರ ಹುಡುಗಿ ನೋಡಬಾರದಂತೆ!

ಈ ಸಿನಿಮಾದ ನನ್ನ ಮೆಚ್ಚಿನ ಪಾತ್ರ ಮೇಗನ್ ಅಲ್ಲ, ಜ್ಯಾನ್ ಎಂಬ ಹುಡುಗಿ. ದೊಗಳೆ ಪ್ಯಾಂಟು, ಒರಟು ನಡಿಗೆ, ಸಾಫ್ಟ್‌ಬಾಲ್ ಆಟಗಾರ್ತಿ. ಇವಳು ‘ಹಾಗೆ’ ಅನ್ನುವುದರಲ್ಲಿ ಶಿಬಿರದಲ್ಲಿ ಯಾರಿಗೂ ಅನುಮಾನವಿಲ್ಲ. ನೋಡುವ ನಮಗೂ ಇಲ್ಲ. ಒಂದು ದಿನ ಅವಳು ಅಳುತ್ತಾ ಎದ್ದು ನಿಲ್ಲುತ್ತಾಳೆ. ನನ್ನ ಬಟ್ಟೆ ನೋಡಿ, ಆಟ ನೋಡಿ, ನಾನು ಚಂದ ಇಲ್ಲ ಅನ್ನುವುದನ್ನು ನೋಡಿ ನೀವೆಲ್ಲ ತೀರ್ಮಾನ ಮಾಡಿಬಿಟ್ಟಿರಿ, ನನಗೆ ಇಷ್ಟವಾಗುವುದು ಹುಡುಗರೇ ಅನ್ನುವ ಅರ್ಥದಲ್ಲಿ ಹೇಳಿ ಹೊರಟುಹೋಗುತ್ತಾಳೆ. ಮೇಗನ್ನಳ ವಿಷಯದಲ್ಲಿ ಅಪ್ಪ-ಅಮ್ಮನ ಊಹೆ ಕೊನೆಗೆ ನಿಜವೇ ಆಗುತ್ತದೆ. ಅವಳು ಆ ಶಿಬಿರದಲ್ಲೇ ಗ್ರಹಾಂ ಎಂಬ ಹುಡುಗಿಯನ್ನು ಪ್ರೀತಿಸುತ್ತಾಳೆ. ಜ್ಯಾನ್ ವಿಷಯದಲ್ಲಿ ಊಹೆ ಪೂರ್ತಿ ಸುಳ್ಳು. ಎರಡು ಕಡೆಯೂ ಸಾಕ್ಷಿ ಒಂದೇ ದರ್ಜೆಯದು, ಎರಡು ಕಡೆಯೂ ದೊಡ್ಡವರ ಧೈರ್ಯ ಒಂದೇ ಅಳತೆಯದು. ಲಾಟರಿಯಲ್ಲಿ ಒಂದು ನಂಬರು ಹೊಡೆಯಿತು ಅಂದಮಾತ್ರಕ್ಕೆ ಟಿಕೆಟ್ ಕೊಂಡವನು ಗಣಿತಜ್ಞನಾಗುವುದಿಲ್ಲವಲ್ಲ.

ಇದನ್ನು ನನಗೆ ತೋರಿಸಿದ್ದು ನನ್ನ ಅಕ್ಕನ ಮಗಳು, 2019ರ ಬೇಸಿಗೆಯಲ್ಲಿ. ಆಗ ಅವಳಿಗೆ ಹದಿನಾರು ದಾಟಿತ್ತು, ಫಸ್ಟ್ ಪಿಯುಸಿ ಮುಗಿದಿತ್ತು. ಮೈಸೂರಿನಿಂದ ಬೆಂಗಳೂರಿಗೆ ನಮ್ಮ ಮನೆಗೆ ಬಂದಿದ್ದಳು. ರಜೆಗೆ ಬಂದದ್ದು ಅಂತ ಊರಿಗೆಲ್ಲ ಹೇಳಿದ್ದು. ನಿಜವಾದ ಕಾರಣ ಅವಳು ಬರುವ ಹಿಂದಿನ ರಾತ್ರಿ ಅಕ್ಕನ ಫೋನಿನಲ್ಲಿ ಬಂತು.

‘ಕೇಳಿಸ್ಕೋ, ಅವಳು ಪಕ್ಕದಲ್ಲಿಲ್ಲ ತಾನೇ ನಿನ್ನ ಗಂಡ? ಇಲ್ಲಾಂದ್ರೆ ಆಚೆ ಹೋಗು’ ಅಂತ ಗಾಬರಿಯಲ್ಲಿ ಗಂಡಸನ್ನು ಹೆಂಗಸು ಮಾಡಿ ಶುರುಮಾಡಿದಳು. ‘ಇವಳು ಹಾಗಿರಬಹುದು ಅಂತ ನಂಗೆ ಅನುಮಾನ ಕಣೇ.’

‘ಹೇಗೆ?’

‘ಹಾಗೇ. ಟೀವಿಲಿ ತೋರಿಸ್ತಿದ್ರಲ್ಲ, ಸುಪ್ರೀಂ ಕೋರ್ಟ್ ತೀರ್ಪು ಬಂದಾಗ.’

2018ರ ಸೆಪ್ಟೆಂಬರ್ 6ರಂದು 377ನೇ ಕಲಂನ ತೀರ್ಪು ಬಂದಾಗ ಅಕ್ಕ ಟೀವಿ ಮುಂದೆ ಕೂತು ನೋಡಿದ್ದಳು. ದೊಡ್ಡವರು ತಮ್ಮಿಷ್ಟದಂತೆ ಬದುಕಿಕೊಳ್ಳಲಿ, ಅದರಲ್ಲಿ ತಪ್ಪೇನು ಅಂತ ಬ್ಯಾಂಕಿನಲ್ಲಿ ಊಟದ ಹೊತ್ತಿಗೆ ವಾದವನ್ನೂ ಮಾಡಿದ್ದಳು. ಅಕ್ಕ ಕೆಟ್ಟವಳಲ್ಲ. ಆದರೆ ಆ ತೀರ್ಪು ಅವಳಿಗೆ ಅಲ್ಲಿಯವರೆಗೆ ಇಲ್ಲದ ಒಂದಷ್ಟು ಪದಗಳನ್ನು ಕೊಟ್ಟಿತ್ತು. ಪದ ಕೈಗೆ ಸಿಕ್ಕ ಮೇಲೆ ಅದನ್ನು ಎಲ್ಲಾದರೂ ಅಂಟಿಸಬೇಕು ಅನ್ನಿಸುವುದು ಸಹಜ. ಮನೆಯಲ್ಲಿ ಇದ್ದವಳು ಒಬ್ಬಳೇ ಮಗಳು.

ಸಾಕ್ಷಿಗಳು ಬಂದವು. ಕೂದಲು ಕತ್ತರಿಸಿಕೊಂಡಿದ್ದಾಳೆ. ಜುಮುಕಿ ಹಾಕು ಅಂದರೆ ಮುಖ ಸಿಂಡರಿಸುತ್ತಾಳೆ. ಸಂಬಂಧಿಕರ ಮದುವೆಗೆ ಪ್ಯಾಂಟು ಹಾಕಿಕೊಂಡು ಬಂದಳು. ಮುಖ್ಯವಾಗಿ ಒಬ್ಬ ಗೆಳತಿ ಇದ್ದಾಳೆ, ದಿನಾ ಸಂಜೆ ಒಂದೂವರೆ ಗಂಟೆ ಫೋನು, ‘ಅದೂ ಬಾಗಿಲು ಹಾಕ್ಕೊಂಡು.’ ತೋಫು ಒಂದು ಇರಲಿಲ್ಲ ಅಷ್ಟೆ.

ಅಕ್ಕ-ಭಾವ ಸುಮ್ಮನೆ ಕೂತವರೂ ಅಲ್ಲ. ಅಕ್ಕ ಗೌರಿ ಹಬ್ಬದಿಂದಲೇ ಚಿಕಿತ್ಸೆ ಶುರುಮಾಡಿದ್ದಳು. ಕೈತುಂಬ ಬಳೆ, ಮೈಸೂರು ಸಿಲ್ಕಿನ ಲಂಗ, ಭಾನುವಾರದ ಭರತನಾಟ್ಯ ಕ್ಲಾಸು. ಭರತನಾಟ್ಯದ ಗುರುಗಳು ಎರಡು ತಿಂಗಳಾದ ಮೇಲೆ, ಈ ಮಗುವಿಗೆ ಅರೆಮಂಡಿ ಬರುವುದಿಲ್ಲ, ಕ್ರಿಕೆಟ್ಟಿಗೆ ಸೇರಿಸಿ ಅಂದರಂತೆ. ಭಾವನ ಯೋಜನೆ ಬೇರೆ. ಅವರು ತಮ್ಮ ಸಹೋದ್ಯೋಗಿಯ ಮಗನನ್ನು, ಇಂಜಿನಿಯರಿಂಗ್ ಓದುತ್ತಿದ್ದ ಹುಡುಗನನ್ನು, ಮಗಳಿಗೆ ಫಿಸಿಕ್ಸ್ ಹೇಳಿಕೊಡಲು ಕರೆಸಿದರು. ಹುಡುಗ ನೋಡಲು ಲಕ್ಷಣವಾಗಿದ್ದ ಅನ್ನುವುದನ್ನು ಅಕ್ಕ ನನಗೆ ಫೋನಿನಲ್ಲಿ ಎರಡು ಸಲ ಹೇಳಿದಳು. ಅವನು ಮೂರು ವಾರ ಬಂದ. ‘ಏನಾಯ್ತು?’ ಅಂತ ಕೇಳಿದೆ. ‘ಏನಾಗತ್ತೆ, ಎಲೆಕ್ಟ್ರೋಸ್ಟ್ಯಾಟಿಕ್ಸ್ ಮುಗೀತು’ ಅಂದಳು ಅಕ್ಕ.

ಇಷ್ಟಾದ ಮೇಲೆ ಕಡೆಯ ಉಪಾಯ. ಬೆಂಗಳೂರಿನಲ್ಲಿ ಒಬ್ಬರು ಡಾಕ್ಟರ್ ಇದ್ದಾರಂತೆ, ಆರೇಳು ಸಲ ಹೋದರೆ ‘ಸರಿ ಮಾಡ್ತಾರಂತೆ’. ನಾನು ಅವಳನ್ನು ಕರೆದುಕೊಂಡು ಹೋಗಬೇಕು. ಅವಳಿಗೆ ತಲೆನೋವಿಗೆ ಅಂತ ಹೇಳಬೇಕು.

ಆ ನಂಬರಿಗೆ ನಾನು ಮಾರನೆಯ ದಿನ ಫೋನು ಮಾಡಿದೆ. ಎತ್ತಿದ ಹೆಂಗಸು ಬಹಳ ಸೌಜನ್ಯದಿಂದ ಮಾತಾಡಿದಳು. ವಯಸ್ಸು ಕೇಳಿದಳು. ಚಿಕ್ಕವರಿದ್ದಾಗಲೇ ಕರೆತಂದರೆ ಒಳ್ಳೆಯದು ಅಂದಳು. ಎಷ್ಟು ಸಲ ಬರಬೇಕಾಗುತ್ತದೆ, ಒಂದು ಸಲಕ್ಕೆ ಎಷ್ಟು, ಒಟ್ಟಿಗೆ ಕಟ್ಟಿದರೆ ಎಷ್ಟು ರಿಯಾಯಿತಿ ಅಂತ ಹೇಳಿದಳು. ಏನು ಕಾಯಿಲೆ ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ. ಫೋನು ಇಟ್ಟ ಮೇಲೆ ಸ್ವಲ್ಪ ಹೊತ್ತು ನನ್ನ ಕೈ ತಣ್ಣಗಿತ್ತು.

ಈ ‘ಚಿಕಿತ್ಸೆ’ಯ ಬಗ್ಗೆ ನಾಲ್ಕು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಇಂಥ ನಂಬರುಗಳು ಈಗಲೂ ಯಾರೋ ಯಾರಿಗೋ ಕೊಡುತ್ತಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ತೆಗೆದದ್ದು 1990ರಲ್ಲಿ. ಭಾರತೀಯ ಮನೋವೈದ್ಯರ ಸಂಘ ಇದು ಕಾಯಿಲೆಯಲ್ಲ ಅಂತ 2018ರಲ್ಲಿ, ಸುಪ್ರೀಂ ಕೋರ್ಟಿನ ತೀರ್ಪಿಗೂ ಮುಂಚೆಯೇ, ಹೇಳಿತು. ಮದ್ರಾಸ್ ಹೈಕೋರ್ಟು 2021ರ ಜೂನ್‌ನಲ್ಲಿ ಇಂಥ ‘ಸರಿಪಡಿಸುವ’ ಪ್ರಯತ್ನಗಳನ್ನು ನಿಷೇಧಿಸಬೇಕು ಅಂದಿತು. ಅದರ ಬೆನ್ನಿಗೆ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನು ವೈದ್ಯರ ವೃತ್ತಿ ದುರ್ನಡತೆ ಅಂತ ಸಾರಿತು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಈ ಇತಿಹಾಸದ ಒಂದು ಸಣ್ಣ ಮೂಲೆ. 1990ರಲ್ಲಿ ಸಲಿಂಗ ಒಲವು ಪಟ್ಟಿಯಿಂದ ಹೋಯಿತಲ್ಲ, ಅದೇ ಪಟ್ಟಿಯಲ್ಲಿ ಎಫ್ 66.0 ಅನ್ನುವ ನಂಬರು ಉಳಿದುಕೊಂಡಿತು. ಅದೇನು ಗೊತ್ತೇ? ತನ್ನ ಒಲವು ಯಾವ ಕಡೆಗೆ ಅನ್ನುವುದು ಖಚಿತವಿಲ್ಲದೆ, ಅದರಿಂದ ಆತಂಕವೋ ಖಿನ್ನತೆಯೋ ಆಗುವುದು. ಸಾಮಾನ್ಯವಾಗಿ ಹದಿಹರೆಯದವರಲ್ಲಿ ಕಾಣಿಸುವಂಥದ್ದು ಅಂತ ವಿವರಣೆ ಬೇರೆ. ಅಂದರೆ ‘ನಾನು ಹೀಗೆ’ ಅಂದರೆ ರೋಗವಲ್ಲ, ‘ನಾನು ಹಾಗೆ’ ಅಂದರೂ ರೋಗವಲ್ಲ, ‘ಗೊತ್ತಾಗ್ತಿಲ್ಲ, ಭಯವಾಗ್ತಿದೆ’ ಅಂದರೆ ಮಾತ್ರ ಅದಕ್ಕೊಂದು ನಂಬರು! ಭಯ ಎಲ್ಲಿಂದ ಬಂತು, ಬಾಗಿಲಾಚೆ ಯಾರು ನಿಂತು ಕಿವಿಗೊಡುತ್ತಿದ್ದರು ಅನ್ನುವುದಕ್ಕೆ ಆ ಪುಟದಲ್ಲಿ ಜಾಗವಿರಲಿಲ್ಲ. 2022ರಲ್ಲಿ ಜಾರಿಗೆ ಬಂದ ಹೊಸ ಪಟ್ಟಿಯಲ್ಲಿ ಅದನ್ನು ಕೈಬಿಟ್ಟಿದ್ದಾರೆ. ನಮ್ಮ ಹುಡುಗಿ ಬೆಂಗಳೂರಿಗೆ ಬಂದ ಬೇಸಿಗೆಯಲ್ಲಿ ಅದು ಇನ್ನೂ ಪುಸ್ತಕದಲ್ಲಿತ್ತು.

ಆ ಮದ್ರಾಸ್ ತೀರ್ಪಿನ ಬಗ್ಗೆ ಇನ್ನೊಂದು ಮಾತು. ಮದುರೆಯಿಂದ ಇಬ್ಬರು ಯುವತಿಯರು ಒಟ್ಟಿಗೆ ಬಾಳಬೇಕೆಂದು ಚೆನ್ನೈಗೆ ಓಡಿಬಂದಿದ್ದರು. ಇಬ್ಬರ ಮನೆಯವರೂ ಮಗಳು ಕಾಣೆ ಅಂತ ದೂರು ಕೊಟ್ಟಿದ್ದರು. ಪ್ರಕರಣ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರ ಮುಂದೆ ಬಂತು. ಈ ವಿಷಯ ತನಗೆ ಪೂರ್ತಿ ತಿಳಿಯದು ಅಂತ ಅವರು ಒಪ್ಪಿಕೊಂಡು, ಮನಶ್ಶಾಸ್ತ್ರಜ್ಞರೊಬ್ಬರ ಮುಂದೆ ತಾವೇ ವಿದ್ಯಾರ್ಥಿಯಾಗಿ ಕೂತು ಕಲಿತು, ಆಮೇಲೆ ತೀರ್ಪು ಬರೆದರು. ನಮ್ಮ ಕಡೆಯ ದೊಡ್ಡವರಲ್ಲಿ ‘ನಂಗೆ ಗೊತ್ತಿಲ್ಲ’ ಅನ್ನುವ ಮಾತು ಎಷ್ಟು ಅಪರೂಪ ಅಂದರೆ, ಒಬ್ಬರು ಅಂದಾಗ ಅದು ಪೇಪರಿನಲ್ಲಿ ಬರುತ್ತದೆ.

ನಾನು ಅಕ್ಕನಿಗೆ ನೇರವಾಗಿಯೇ ಹೇಳಿದೆ, ‘ಅಲ್ಲಿಗೆ ನಾನು ಕರಕೊಂಡು ಹೋಗಲ್ಲ, ನೀನೂ ಕರಕೊಂಡು ಹೋಗಬೇಡ’ ಅಂತ. ಅಕ್ಕ ಫೋನಿಟ್ಟಳು. ಮತ್ತೆ ಎರಡು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಭಾವ ಮಾತ್ರ ದಿನಾ ರಾತ್ರಿ ಒಂಬತ್ತಕ್ಕೆ ವಾಟ್ಸಾಪಿನಲ್ಲಿ ‘ಊಟ ಆಯ್ತಾ ಅವಳದು?’ ಅಂತ ಕಳಿಸುತ್ತಿದ್ದರು.

ಹುಡುಗಿಗೆ ಇದೆಲ್ಲ ಗೊತ್ತಿತ್ತು. ಮೈಸೂರಿನ ಆ ಮನೆಯ ಗೋಡೆಗಳು ಅಷ್ಟು ದಪ್ಪವಿಲ್ಲ. ಬಂದ ನಾಲ್ಕನೆಯ ದಿನ ಚಪಾತಿ ಹಿಟ್ಟು ನಾದುತ್ತಾ, ‘ಚಿಕ್ಕಮ್ಮ, ನನ್ನ ಯಾವಾಗ ಕರಕೊಂಡು ಹೋಗ್ತೀಯ?’ ಅಂದಳು. ಹೋಗುವುದಿಲ್ಲ ಅಂದೆ. ತುಂಬ ಹೊತ್ತು ನಾದಿದಳು. ಆಮೇಲೆ ಅಂದಳು, ‘ಅವರು ಕೇಳಿದ್ದಕ್ಕೆ ಬೇಜಾರಿಲ್ಲ. ನಂಗೇ ಗೊತ್ತಿಲ್ಲ ಅಂದ್ರೆ ನಂಬ್ತಾ ಇಲ್ಲ. ಸುಳ್ಳು ಹೇಳ್ತೀಯ ಅಂತಾರೆ. ಹೌದು ಅಂದ್ರೂ ಅಳ್ತಾರೆ, ಅಲ್ಲ ಅಂದ್ರೆ ಪ್ರೂಫ್ ಕೇಳ್ತಾರೆ.’ ಆ ಚಪಾತಿಗಳು ಹಪ್ಪಳದ ಹಾಗಾಗಿದ್ದವು. ತಿಂದೆವು.

ಆ ರಜೆಯಲ್ಲಿ ಅವಳು ಲ್ಯಾಪ್‌ಟಾಪಿನಲ್ಲಿ ಎಲ್ಲಿಂದಲೋ ತಂದಿಟ್ಟುಕೊಂಡಿದ್ದ ಸಿನಿಮಾ, ಧಾರಾವಾಹಿಗಳನ್ನು ಸಾಲಾಗಿ ನೋಡಿದೆವು. ಎಲ್ಲವೂ ನಗೆಯವೇ. ಅಳಿಸುವಂಥದ್ದನ್ನು ಅವಳು ಹಾಕುತ್ತಲೇ ಇರಲಿಲ್ಲ. ಕನ್ನಡದಲ್ಲಿ ಈ ವಿಷಯ ನನಗೆ ಸಿಕ್ಕಿದ್ದು ವಸುಧೇಂದ್ರರ ‘ಮೋಹನಸ್ವಾಮಿ’ಯಲ್ಲಿ. ಅದನ್ನು ಕಪಾಟಿನಿಂದ ತೆಗೆದು ಕೊಟ್ಟೆ. ಓದಿದಳು. ಚೆನ್ನಾಗಿದೆ, ಆದರೆ ರಾತ್ರಿ ನಿದ್ದೆ ಬರಲಿಲ್ಲ ಅಂದಳು. ಹದಿನಾರು ವಯಸ್ಸಿಗೆ ನಿದ್ದೆಯೂ ಬೇಕಾಗುತ್ತದೆ.

ನಮ್ಮ ಹಿಂದಿ ಹಾಸ್ಯಗಳನ್ನು ತೋರಿಸಲು ಹೋಗಿ ನನಗೇ ಒಂದು ವಿಷಯ ಹೊಳೆಯಿತು. ‘ಕಲ್ ಹೋ ನಾ ಹೋ’ದಲ್ಲಿ ಕಾಂತಾಬೆನ್ ಎಂಬ ಮನೆಕೆಲಸದಾಕೆ ಇಬ್ಬರು ಗಂಡಸರನ್ನು ಒಟ್ಟಿಗೆ ನೋಡಿ ಎದೆ ಹಿಡಿದುಕೊಳ್ಳುವುದು ನಿಮಗೂ ನೆನಪಿರಬಹುದು. 2008ರ ‘ದೋಸ್ತಾನಾ’ವನ್ನು ನಾನು, ಅಕ್ಕ ಮೈಸೂರಿನಲ್ಲಿ ಒಟ್ಟಿಗೆ ನೋಡಿದ್ದೆವು. ಕಿರಣ್ ಖೇರ್ ಅಮ್ಮನ ಪಾತ್ರದಲ್ಲಿ ಎದೆ ಬಡಿದುಕೊಂಡು, ಕೊನೆಗೆ ಮಗನ ‘ಗೆಳೆಯ’ನಿಗೆ ಸೊಸೆಗೆ ಕೊಡುವ ಬಳೆ ಕೊಡುವಾಗ ಅಕ್ಕ ನಕ್ಕ ನಗೆಗೆ ಮುಂದಿನ ಸಾಲಿನವರು ತಿರುಗಿ ನೋಡಿದ್ದರು. ಇಲ್ಲೆಲ್ಲ ಅನುಮಾನ ಮೂರನೆಯವರದ್ದು. ಆ ಗಂಡಸರಿಗೆ ತಾವು ಯಾರೆಂದು ಚೆನ್ನಾಗಿ ಗೊತ್ತು, ನಮಗೂ ಗೊತ್ತು. ಅನುಮಾನ ಸುಳ್ಳು ಅನ್ನುವ ಭರವಸೆಯ ಮೇಲೆಯೇ ಥಿಯೇಟರ್ ನಗುತ್ತದೆ. ನಿಜವಾಗಿಯೂ ಅನುಮಾನದಲ್ಲಿರುವ ಮಗುವೊಂದು ಆ ಕತ್ತಲಲ್ಲಿ ಕೂತಿದ್ದರೆ ಅದು ಎಲ್ಲಿ ನಗಬೇಕು? ನಮ್ಮ ಹುಡುಗಿ ‘ದೋಸ್ತಾನಾ’ ನೋಡಿ ನಕ್ಕಳು ಕೂಡ. ಆದರೆ ಪದೇ ಪದೇ ನೋಡಿದ್ದು ಮೇಗನ್ನಳನ್ನು.

ಯಾಕೆ ಅಂತ ನಾನು ಕೇಳಲಿಲ್ಲ. ನನಗನ್ನಿಸಿದ್ದು ಇಷ್ಟು. ದುಃಖದ ಕಥೆಗಳಲ್ಲಿ ಅಪ್ಪ-ಅಮ್ಮ ಖಳರಾಗಿರುತ್ತಾರೆ, ಮಗು ಮನೆ ಬಿಡುತ್ತದೆ ಇಲ್ಲವೇ ಬಾವಿಗೆ ಬೀಳುತ್ತದೆ. ನಗೆಯ ಕಥೆಗಳಲ್ಲಿ ಅಪ್ಪ-ಅಮ್ಮ ಪೆದ್ದರಾಗಿರುತ್ತಾರೆ. ಕಾಲೇಜು ಫೀಸು, ಊಟ, ಮೊಬೈಲ್ ರೀಚಾರ್ಜು ಎಲ್ಲಕ್ಕೂ ಅವರನ್ನೇ ನಂಬಿರುವ ವಯಸ್ಸಿನಲ್ಲಿ ಅವರು ಖಳರಲ್ಲ, ಪೆದ್ದರು ಅನ್ನುವುದು ದೊಡ್ಡ ಸಮಾಧಾನ. ಖಳನಿಂದ ಓಡಬೇಕು. ಪೆದ್ದನಿಗೆ ಇವತ್ತಲ್ಲ ನಾಳೆ ಅರ್ಥವಾಗಬಹುದು. ಈ ಫೀಸಿನ ಮಾತು ಸಿನಿಮಾದಲ್ಲೂ ಇದೆ. ಗ್ರಹಾಂಳ ಅಪ್ಪ, ಶಿಬಿರ ಮುಗಿಸದಿದ್ದರೆ ಓದಿಗೆ ಕಾಸಿಲ್ಲ, ಮನೆಗೆ ಬರಬೇಡ ಅನ್ನುತ್ತಾನೆ. ಅಲ್ಲಿ ಮಾತ್ರ ನಗು ಬರುವುದಿಲ್ಲ. ಮೇಗನ್ನಳ ಅಪ್ಪ-ಅಮ್ಮ ಹಾಗಲ್ಲ. ಎಲ್ಲ ಮುಗಿದ ಮೇಲೆ, ಇಂಥ ಮಕ್ಕಳ ತಂದೆತಾಯಿಯರು ಸೇರುವ ಸಭೆಯೊಂದಕ್ಕೆ ಅವರು ಬಂದಿರುವುದನ್ನು ತೋರಿಸುತ್ತಾರೆ. ಅಮ್ಮನಿಗೆ ಮುಖ ಎಲ್ಲಿಡಬೇಕೋ ತಿಳಿಯುತ್ತಿಲ್ಲ. ಆದರೂ ಬಂದಿದ್ದಾರೆ.

ಒಪ್ಪಿಕೊಂಡುಬಿಡುವ ಅಪ್ಪ-ಅಮ್ಮಂದಿರು ಸಿಕ್ಕರೆ ಕಷ್ಟ ಮುಗಿಯಿತು ಅನ್ನುವಂತೆಯೂ ಇಲ್ಲ. ನನ್ನ ಪರಿಚಯದ ಒಂದು ಮನೆ. ಬಹಳ ಓದಿಕೊಂಡವರು, ಮಕ್ಕಳನ್ನು ಗೆಳೆಯರಂತೆ ನೋಡುವವರು. ಹದಿನಾಲ್ಕು ವರ್ಷದ ಮಗ ಒಮ್ಮೆ ತನಗೆ ಹುಡುಗರೂ ಇಷ್ಟವಾಗಬಹುದೇನೋ ಅಂದ. ‘ಏನೋ’ ಅನ್ನುವುದನ್ನು ಅವರು ಕೇಳಿಸಿಕೊಳ್ಳಲಿಲ್ಲ. ಆ ವಾರವೇ ಕೇಕು ಬಂತು. ಕಾರಿಗೆ ಕಾಮನಬಿಲ್ಲಿನ ಸ್ಟಿಕ್ಕರ್ ಬಂತು. ಅಪ್ಪ ಎರಡು ವೇದಿಕೆಗಳಲ್ಲಿ ಹೆಮ್ಮೆಯಿಂದ ಮಾತಾಡಿದರು. ಎರಡು ವರ್ಷದ ಮೇಲೆ ಆ ಹುಡುಗ ಟ್ಯೂಶನ್ನಿನ ಒಬ್ಬ ಹುಡುಗಿಯನ್ನು ಮೆಚ್ಚಿಕೊಂಡ. ಅದನ್ನು ಮನೆಯಲ್ಲಿ ಹೇಳಲಾಗದೆ ನನ್ನ ಹತ್ತಿರ ಬಂದು, ‘ಆಂಟಿ, ಅಪ್ಪಂಗೆ ತುಂಬ ಬೇಜಾರಾಗತ್ತೆ’ ಅಂದ. ಕಾರಿನ ಸ್ಟಿಕ್ಕರ್ ಅಷ್ಟು ಸುಲಭಕ್ಕೆ ಕೀಳುವುದಿಲ್ಲ ನೋಡಿ.

‘ಸೆಕ್ಸ್ ಎಜುಕೇಷನ್’ ಧಾರಾವಾಹಿಯ ತಾಯಿ ಜೀನ್ ಈ ಬಗೆಯವಳು. ಲೈಂಗಿಕ ವಿಷಯಗಳ ಆಪ್ತಸಲಹೆಗಾರ್ತಿ. ಯಾವುದಕ್ಕೂ ಮುಜುಗರವಿಲ್ಲ, ಎಲ್ಲವನ್ನೂ ಬಿಚ್ಚಿ ಮಾತಾಡು ಅನ್ನುತ್ತಾಳೆ. ಮಗ ಓಟಿಸ್‌ಗೆ ಉಸಿರುಗಟ್ಟುವುದು ಆ ಬಿಚ್ಚುಮಾತಿನಿಂದಲೇ. ಕೊನೆಗೆ ನೋಡಿದರೆ ಅವಳು ಅವನಿಗೆ ತಿಳಿಸದೆ ಅವನ ಬಗ್ಗೆಯೇ ಪುಸ್ತಕ ಬರೆಯುತ್ತಿರುತ್ತಾಳೆ.

ನಾನು ಹಾಗೆ ಮಾಡಿಲ್ಲ. ಅಕ್ಕನ ಮಗಳಿಗೆ ಈಗ ಇಪ್ಪತ್ತೆರಡು, ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾಳೆ. ಬರೆಯಲೇ ಅಂತ ಕೇಳಿದೆ. ಅವರಮ್ಮನನ್ನೂ ಕೇಳಿದೆ. ಅಕ್ಕ, ‘ನನ್ನ ಹೆಸರು ಹಾಕಬೇಡ, ಮಿಕ್ಕಿದ್ದು ಏನಾದ್ರೂ ಬರ್ಕೊ’ ಅಂದಳು. ಹುಡುಗಿ ಒಂದೇ ಷರತ್ತು ಹಾಕಿದಳು. ‘ಕೊನೆಗೆ ನಾನು ಏನು ಅಂತ ಮಾತ್ರ ಬರೀಬಾರ್ದು ಚಿಕ್ಕಮ್ಮ. ಓದಿದವರೆಲ್ಲ ಅದನ್ನೇ ಹುಡುಕ್ತಾರೆ.’ ಹುಡುಕಿದವರು ಕ್ಷಮಿಸಬೇಕು.

ಅಕ್ಕ ಮತ್ತೆ ನಮ್ಮ ಮನೆಗೆ ಬಂದದ್ದು ಆ ವರ್ಷದ ದೀಪಾವಳಿಗೆ, ಭಾವನ ಜೊತೆ. ಹುಡುಗಿಯೂ ಜೊತೆಗಿದ್ದಳು. ಕೂದಲು ಇನ್ನೂ ಗಿಡ್ಡವಾಗಿತ್ತು. ಊಟವಾದ ಮೇಲೆ ಎಲ್ಲರೂ ತೂಕಡಿಸುತ್ತಿದ್ದಾಗ ಅವಳು ಲ್ಯಾಪ್‌ಟಾಪನ್ನು ಟೀವಿಗೆ ಸಿಕ್ಕಿಸಿ ‘ಸಿಂಪ್ಸನ್ಸ್’ನ ಒಂದು ಕಂತು ಹಾಕಿದಳು. 1997ರದ್ದು, ‘ಹೋಮರ್ಸ್ ಫೋಬಿಯಾ’. ಕಾರ್ಟೂನು ತಾನೇ ಅಂತ ಅಕ್ಕ ಅಡ್ಡಬರಲಿಲ್ಲ. ಆ ವರ್ಷ ಎಮ್ಮಿ ಪ್ರಶಸ್ತಿ ಪಡೆದ ಕಂತು ಅದು ಅಂತ ಹುಡುಗಿ ಪೀಠಿಕೆ ಹಾಕಿದಳು. ಅಕ್ಕನಿಗೆ ಪ್ರಶಸ್ತಿ ಅಂದರೆ ಗೌರವ.

ಹೋಮರ್ ಎಂಬ ಹೊಟ್ಟೆ ಡುಮ್ಮ ಅಪ್ಪನಿಗೆ ಹೊಸ ಗೆಳೆಯನೊಬ್ಬ ಸಿಗುತ್ತಾನೆ. ಅವನು ಸಲಿಂಗಿ ಅಂತ ಹೆಂಡತಿ ಬಿಡಿಸಿ ಹೇಳಿದ ಮೇಲೆ ಹೋಮರ್‌ಗೆ ಮಗ ಬಾರ್ಟ್‌ನ ಮೇಲೆ ಅನುಮಾನ ಶುರುವಾಗುತ್ತದೆ. ಮಗ ಹೂವಿನ ಶರ್ಟು ಹಾಕಿದ್ದು, ವಿಗ್ಗು ಇಟ್ಟು ಕುಣಿದದ್ದು, ಕಂದು ಬಣ್ಣದ ತಿಂಡಿ ಬಿಟ್ಟು ಗುಲಾಬಿ ಬಣ್ಣದ್ದನ್ನು ಎತ್ತಿಕೊಂಡದ್ದು ಎಲ್ಲವೂ ಸಾಕ್ಷಿ. ಹುಡುಗನನ್ನು ಸಿಗರೇಟಿನ ದೊಡ್ಡ ಜಾಹೀರಾತು ಫಲಕದ ಮುಂದೆ ಕೂರಿಸುತ್ತಾನೆ. ಅದರಲ್ಲಿ ಚೆಲುವೆಯರು ದಿಂಬಿನಲ್ಲಿ ಹೊಡೆದಾಡುತ್ತಿದ್ದಾರೆ. ಗಂಟೆಗಟ್ಟಲೆ ನೋಡಿದ ಮೇಲೆ ಹುಡುಗನಿಗೆ ಆಸೆಯಾಗುವುದು ಸಿಗರೇಟು ಸೇದಬೇಕು ಅಂತ. ಗಂಡಸುತನ ತೋರಿಸಲು ಉಕ್ಕಿನ ಕಾರ್ಖಾನೆಗೆ ಕರೆದೊಯ್ದರೆ ಅಲ್ಲಿನ ಕೆಲಸಗಾರರೆಲ್ಲ ಸಲಿಂಗಿಗಳು, ಕೆಲಸ ಮುಗಿದೊಡನೆ ಕಾರ್ಖಾನೆಯೇ ಡಿಸ್ಕೋ ಆಗುತ್ತದೆ. ಬೇಟೆಗೆ ಹೋದರೆ ಹಿಮಸಾರಂಗಗಳು ತಿರುಗಿ ಬೀಳುತ್ತವೆ. ಕಾಪಾಡುವವನು ಆ ಗೆಳೆಯನೇ.

ಹುಡುಗಿ ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಿದ್ದಳು. ಜಾಹೀರಾತಿನ ಹತ್ತಿರ ಭಾವ ನಗಲು ಶುರುಮಾಡಿದರು. ಕಾರ್ಖಾನೆಯ ಹತ್ತಿರ ಅಕ್ಕನ ಕಣ್ಣಲ್ಲಿ ನೀರು ಬರುತ್ತಿತ್ತು, ದೋಸ್ತಾನಾ ನೋಡಿದಾಗಿನಂತೆ.

‘ನೋಡ್ರೀ, ಥೇಟ್ ನೀವೇ’ ಅಂದಳು ಅಕ್ಕ.

‘ನಾನಾ? ಭರತನಾಟ್ಯಕ್ಕೆ ಸೇರಿಸಿದ್ಯಾರು?’

‘ಫಿಸಿಕ್ಸ್ ಮೇಷ್ಟ್ರನ್ನ ಕರೆಸಿದ್ಯಾರು ಮತ್ತೆ?’

‘ಫಿಸಿಕ್ಸಲ್ಲಿ ಮಾರ್ಕ್ಸ್ ಬಂತಲ್ಲ!’

ಇಬ್ಬರೂ ಥಟ್ಟನೆ ಸುಮ್ಮನಾದರು. ಮಗಳು ಎದುರಿಗೇ ಇದ್ದಾಳೆ ಅನ್ನುವುದು ಆಗ ನೆನಪಾಗಿರಬೇಕು. ಅವಳು ಟೀವಿಯಿಂದ ಕಣ್ಣು ತೆಗೆಯದೆ ಚಕ್ಕುಲಿ ಮುರಿಯುತ್ತಿದ್ದಳು. ತೆರೆಯ ಮೇಲೆ ಹೋಮರ್, ನೀನು ಹೇಗೇ ಇದ್ದರೂ ನನಗೆ ಸರಿಯೇ ಅಂತ ಮಗನಿಗೆ ಹೇಳಿದ. ಮಗನಿಗೆ ಏನೂ ತಿಳಿಯಲಿಲ್ಲ. ನಿನ್ನನ್ನು ಸಲಿಂಗಿ ಅಂದುಕೊಂಡಿದ್ದಾನೆ ಅಂತ ತಂಗಿ ವಿವರಿಸಿದಾಗ ಅವನು ಕಣ್ಣರಳಿಸಿದ. ಕಾರು ಹೊರಟುಹೋಯಿತು. ಮುಗಿಯಿತು.

‘ಅಷ್ಟೇನಾ?’ ಅಂದಳು ಅಕ್ಕ. ‘ಕೊನೆಗೆ ಆ ಹುಡುಗ ಏನಂತೆ ಮತ್ತೆ?’

‘ಅವನಿಗಿನ್ನೂ ಹತ್ತು ವರ್ಷ ಅಮ್ಮ’ ಅಂದಳು ಹುಡುಗಿ. ‘1989ರಿಂದ ಅವನಿಗೆ ಹತ್ತೇ ವರ್ಷ.’

ಅಕ್ಕ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. ಆಮೇಲೆ ಚಕ್ಕುಲಿ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡು, ‘ಇನ್ನೊಂದು ಕಂತು ಇದ್ರೆ ಹಾಕು’ ಅಂದಳು.